ಬೀರುವಿನ ಬಾಗಿಲು ಹೊತ್ತು ಗಿಟಾರ್ ಕೊಳ್ಳಲು ಹೋದದ್ದು

ಕನ್ನಡಕದಣ್ಣ ಬಾಸ್ ಗಿಟಾರ್ ನುಡಿಸುತ್ತಾನೆ ಎಂಬುದು ಬೀದಿಗೆಲ್ಲ ಗೊತ್ತಿತ್ತು. ಅದನ್ನು ಕೇಳಿದವರು ಮಾತ್ರ ಯಾರೂ ಇರಲಿಲ್ಲ.

ಇದರಲ್ಲಿ ಅವನ ತಪ್ಪೇನೂ ಇಲ್ಲ. ಆ ವಾದ್ಯದ ಹಣೆಬರಹವೇ ಅಂಥದ್ದು. ಹಾಡುಗಾರ ಹಾಡಿದರೆ ಜನ ತಲೆದೂಗುತ್ತಾರೆ. ಡ್ರಮ್ಸ್ ಬಾರಿಸಿದರೆ ಕಾಲು ಕುಣಿಸುತ್ತಾರೆ. ನಾಲ್ಕು ದಪ್ಪ ತಂತಿಯ ಬಾಸ್ ಹಿಡಿದು ಒಬ್ಬ ಮೂರು ಗಂಟೆ ಬೆವರು ಸುರಿಸಿದರೆ, ಕೊನೆಗೆ ಯಾರಾದರೂ ಬಂದು, "ಆ ಮೂಲೇಲಿ ನಿಂತಿದ್ರಲ್ಲ, ನೀವು ಕರೆಂಟಿನೋರಾ?" ಎಂದು ಕೇಳುತ್ತಾರೆ. ಕನ್ನಡಕದಣ್ಣನನ್ನು ಹೀಗೆ ಕೇಳಿದವರ ಪೈಕಿ ಒಬ್ಬರು ಅವನ ಸ್ವಂತ ಚಿಕ್ಕಪ್ಪ.

ಹಗಲಲ್ಲಿ ಅವನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಿದ್ದ. ಗಿರಾಕಿಯನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರದ ಚೌಕಟ್ಟು ಏರಿಸಿ, ಗಾಜು ಬದಲಿಸುತ್ತ, "ಇದು ಚೆನ್ನಾಗಿದೆಯೋ, ಇದು ಚೆನ್ನಾಗಿದೆಯೋ?" ಎಂದು ಕೇಳುವುದೇ ಅವನ ಉದ್ಯೋಗ. ಗಿರಾಕಿ "ಎರಡೂ ಒಂದೇ ಥರ ಇದೆ" ಎಂದರೆ ಒಳಗೊಳಗೇ ಮರುಗುತ್ತಿದ್ದ. ಎರಡು ಗಾಜಿನ ನಡುವೆ ಒಂದನ್ನು ಆರಿಸಲಾರದ ಮನುಷ್ಯ ಜೀವನದಲ್ಲಿ ಏನು ತಾನೇ ಆರಿಸಿಯಾನು ಎಂಬುದು ಅವನ ಚಿಂತೆ.

ಸಂಜೆಗೆ ಹಲ್ಲಿನ ಡಾಕ್ಟರರ ವಾದ್ಯವೃಂದ. ಡಾಕ್ಟರರು ಹಾಡುಗಾರರು, ತಂಡದ ಯಜಮಾನರು, ಮತ್ತು ಅಭ್ಯಾಸಕ್ಕೆ ಜಾಗ ಕೊಟ್ಟವರು. ಅವರ ಕ್ಲಿನಿಕ್ಕಿನ ಹೊರಕೋಣೆಯಲ್ಲೇ ಎಲ್ಲರೂ ಸೇರುತ್ತಿದ್ದದ್ದು. ಬೇಕರಿಯವನು ಡ್ರಮ್ಸ್, ಅಂಚೆ ಕಚೇರಿಯವನು ಕೀಬೋರ್ಡು. ಹೀಗಿರುತ್ತಾ ಒಂದು ಸೋಮವಾರ, ಎಂಟು ವರ್ಷ ದುಡಿದ ಹಳೆಯ ಬಾಸಿನ ಕತ್ತು ಸೊಟ್ಟಗಾಗಿ ಕೈಕೊಟ್ಟಿತು. ತಂತಿ ಮೀಟಿದರೆ ಮುರುಕು ಬಾಚಣಿಗೆಯ ಸದ್ದು.

"ಬಿಡಯ್ಯ, ಒಳ್ಳೇದೇ ಆಯ್ತು," ಎಂದರು ಡಾಕ್ಟರರು. "ಹೇಗಿದ್ರೂ ನಿಂದು ಯಾರಿಗೂ ಕೇಳ್ತಿರಲಿಲ್ಲ. ಕೀಬೋರ್ಡಿನೋನ ಎಡಗೈ ಸುಮ್ನೇ ಖಾಲಿ ಇರುತ್ತೆ. ನಿನ್ನ ಕೆಲಸ ಅದಕ್ಕೆ ವಹಿಸಿಬಿಡೋಣ."

ಎಂಟು ವರ್ಷದ ಸಂಗೀತ ಇನ್ನೊಬ್ಬನ ಎಡಗೈಗೆ ಹೋಗುವುದೆಂದರೆ! ಕನ್ನಡಕದಣ್ಣ ಎಂದೂ ಜಂಬ ಕೊಚ್ಚಿದವನಲ್ಲ. ಅಭ್ಯಾಸವಿಲ್ಲದ್ದರಿಂದ ಅಳತೆ ತಪ್ಪಿತು.

"ಡಾಕ್ಟ್ರೇ, ಶನಿವಾರದ ಹೊತ್ತಿಗೆ ಎಲ್ಲರಿಗೂ ಕೇಳಿಸೋ ಬಾಸ್ ತರ್ತೀನಿ. ಆರಿಸೋದು ನನ್ನಂಥೋನಿಗೆ ಹತ್ತು ನಿಮಿಷದ ಕೆಲಸ. ಒಂದು ಸಲ ಮೀಟಿದ್ರೆ ಸಾಕು, ಅದರ ಜಾತಕ ಹೇಳಿಬಿಡ್ತೀನಿ."

"ಹಾಗಾದ್ರೆ ಶನಿವಾರ," ಎಂದರು ಡಾಕ್ಟರರು. "ಕೇಳಿಸಿದ್ರೆ ನೀನು. ಇಲ್ದಿದ್ರೆ ಎಡಗೈ."

ಕೀಬೋರ್ಡಿನವನು ತನ್ನ ಎಡಗೈಯನ್ನು ಎತ್ತಿ ಹಿಂದುಮುಂದು ನೋಡಿಕೊಂಡ. ಅದಕ್ಕೆ ಇಷ್ಟು ಮರ್ಯಾದೆ ಸಿಕ್ಕಿದ್ದು ಅದೇ ಮೊದಲು.

ಮಂಗಳವಾರ ಕನ್ನಡಕದಣ್ಣ ವಾದ್ಯದಂಗಡಿಗೆ ಹೋದ. ಗೋಡೆಯ ತುಂಬ ಬಾಸುಗಳು ತೂಗಾಡುತ್ತಿದ್ದವು. ಅಂಗಡಿಯ ಯಜಮಾನ ಒಂದನ್ನು ಇಳಿಸಿಕೊಟ್ಟ. ನುಡಿಸಿದ. ಇನ್ನೊಂದು ಕೊಟ್ಟ. ನುಡಿಸಿದ.

"ಸರ್, ಇದು ಚೆನ್ನಾಗಿದೆಯಾ, ಅದು ಚೆನ್ನಾಗಿತ್ತಾ?"

ಕನ್ನಡಕದಣ್ಣ ಕಣ್ಣು ಕಣ್ಣು ಬಿಟ್ಟ. ಎರಡೂ ಒಂದೇ ಥರ ಇತ್ತು.

"ಕತ್ತು ತೆಳ್ಳಗಿರಬೇಕಾ ಸರ್, ದಪ್ಪ ಇರಬೇಕಾ?"

"ಮಧ್ಯಮ," ಎಂದ ಗಂಭೀರವಾಗಿ.

"ಸೌಂಡು ದುಂಡಗಿರಬೇಕಾ, ಚೂಪಾಗಿರಬೇಕಾ?"

"ಅದೂ ಮಧ್ಯಮ."

"ನೀವು ಯಾವುದಕ್ಕೂ ಊಟ ಮಾಡಿ ಬನ್ನಿ ಸರ್," ಎಂದ ಯಜಮಾನ.

ಬುಧವಾರವೂ ಹೋದ. ಊಟ ಮಾಡಿಯೇ ಹೋಗಿದ್ದ. ಆದರೂ ಒಂದು ಬಾಸೂ ತನ್ನದು ಅನ್ನಿಸಲಿಲ್ಲ. ಅಂಗಡಿಯ ದೊಡ್ಡ ಸ್ಪೀಕರ್ ಡಬ್ಬಿಯಲ್ಲಿ ಸದ್ದು ಬರುತ್ತಿತ್ತು, ಜೋರಾಗಿಯೇ ಬರುತ್ತಿತ್ತು, ಆದರೆ ಪರಿಚಯದ್ದಲ್ಲ. ಮನೆಗೆ ನಡೆದು ಬರುವಾಗ ಅರ್ಧ ದಾರಿಯಲ್ಲಿ ಅವನಿಗೆ ಥಟ್ಟನೆ ಹೊಳೆಯಿತು. ಅಂಗಡಿಯಲ್ಲಿ ಎಲ್ಲವೂ ಇದೆ. ಬೀರು ಇಲ್ಲ.

ಬೀರುವಿನ ವಿಷಯ ಹೇಳಲೇಬೇಕು. ಏಳು ವರ್ಷದ ಹಿಂದೆ ಅವನು ಮನೆಯಲ್ಲಿ ಸ್ಪೀಕರಿಗೆ ಹಚ್ಚಿ ಬಾಸ್ ನುಡಿಸಿದಾಗ, ಮೇಲಿನ ಮನೆಯವರ ಉಪ್ಪಿನ ಡಬ್ಬಿ ತಾನಾಗಿ ನಡೆದು ಹೋಗಿ ನೆಲಕ್ಕೆ ಹಾರಿತ್ತು. ಕಟ್ಟಡದ ಸೆಕ್ರೆಟರಿ ಸಭೆ ಕರೆದರು. ಇನ್ನು ಮುಂದೆ ಮನೆಯಲ್ಲಿ ನುಡಿಸುವುದಿಲ್ಲವೆಂದು ಕನ್ನಡಕದಣ್ಣನ ಕೈಯಲ್ಲಿ ಬರೆಸಿಕೊಂಡರು. ಆಮೇಲೆ ಅವನು ಸ್ಪೀಕರಿನ ವೈರು ಬಿಚ್ಚಿ ಸುಮ್ಮನೆ ಮೀಟತೊಡಗಿದ. ಸೊಳ್ಳೆಯಷ್ಟು ಸದ್ದು. ಒಂದು ದಿನ ಅಕಸ್ಮಾತ್ತಾಗಿ ಬಾಸಿನ ತಲೆ ಮಲಗುವ ಕೋಣೆಯ ಮರದ ಬೀರುವಿಗೆ ತಾಗಿತು ನೋಡಿ, ಇಡೀ ಬೀರು ಗುಂಯ್ ಎಂದಿತು! ಅಂದಿನಿಂದ ಅವನು ಬೀರುವಿನ ಬಾಗಿಲಿಗೆ ಬಾಸಿನ ತಲೆ ಒತ್ತಿಕೊಂಡು, ಬಾಗಿಲಿಗೆ ಕಿವಿಯನ್ನೂ ಒತ್ತಿಕೊಂಡು ಅಭ್ಯಾಸ ಮಾಡುತ್ತಿದ್ದ. ಇದು ಗೊತ್ತಿದ್ದದ್ದು ಹೆಂಡತಿಗೊಬ್ಬಳಿಗೇ. ಅವಳು ಮದುವೆಯ ಮೊದಲ ವರ್ಷವೇ ಆಶ್ಚರ್ಯಪಡುವುದನ್ನು ಬಿಟ್ಟಿದ್ದಳು.

ಗುರುವಾರ ಬೆಳಗ್ಗೆ ಅಂಗಡಿಗೆ ಫೋನ್ ಮಾಡಿದ. "ನಿಮ್ಮ ಬಾಸುಗಳನ್ನೆಲ್ಲ ಒಂದು ಸಲ ನಮ್ಮ ಮನೆಗೆ ಕಳಿಸ್ತೀರಾ? ಬೀರುವಿಗೆ ಒತ್ತಿ ನೋಡಿ ವಾಪಸ್ ಕೊಡ್ತೀನಿ."

ಆ ಕಡೆಯಿಂದ ಯಜಮಾನ ಕೇಳಿದ: "ಸರ್, ನೀವು ಊಟ ಮಾಡಿದ್ರಾ?"

ಬಾಸು ಬೀರುವಿನ ಹತ್ತಿರ ಬಾರದಿದ್ದರೆ ಬೀರು ಬಾಸಿನ ಹತ್ತಿರ ಹೋಗಬೇಕು. ಶುಕ್ರವಾರ ರಜೆ ಹಾಕಿದ. ಹೆಂಡತಿ ಔಷಧದಂಗಡಿಯ ಕೆಲಸಕ್ಕೆ ಹೋದದ್ದೇ ತಡ, ಸ್ಕ್ರೂಡ್ರೈವರ್ ಹಿಡಿದ. ಕನ್ನಡಕದ ಕಡ್ಡಿಗೆ ಸ್ಕ್ರೂ ಹಾಕಿ ಪಳಗಿದ ಕೈ. ಕಾಲು ಗಂಟೆಯಲ್ಲಿ ಬೀರುವಿನ ಬಾಗಿಲು ಕಳಚಿ ಬಂತು. ಆಳುದ್ದದ ಬಾಗಿಲು, ಜೊತೆಗೆ ಹಿಡಿಕೆ. ಅದನ್ನು ಎದುರಿಗೆ ಅವಚಿ ಹೊತ್ತು ಮೆಟ್ಟಿಲಿಳಿಯುವಾಗ ಎರಡನೇ ತಿರುವಿನಲ್ಲಿ ಎದುರಾದವರು ಸೆಕ್ರೆಟರಿ.

ಸೆಕ್ರೆಟರಿಗೆ ಮೊದಲು ಕಂಡದ್ದು ತಾನಾಗಿ ಇಳಿದು ಬರುತ್ತಿರುವ ಒಂದು ಬಾಗಿಲು. ಆಮೇಲೆ ಕೆಳಗಿನ ಎರಡು ಕಾಲು.

"ಏನ್ರೀ ಇದು? ಎಲ್ಲಿಗೆ?"

ನಿಜ ಹೇಳಿದರೆ ಏಳು ವರ್ಷದ ಗುಟ್ಟು ಬಯಲಾಗುತ್ತದೆ. ಬಾಗಿಲಿನ ಹಿಂದಿನಿಂದ ಕನ್ನಡಕದಣ್ಣ, "ಹೀಗೇ ಸಾರ್... ಒಂದೊಂದೇ ಸಾಮಾನು..." ಎಂದು ತೊದಲಿ ನಾಲಿಗೆ ಕಚ್ಚಿಕೊಂಡ.

ಸೆಕ್ರೆಟರಿ ಬುದ್ಧಿವಂತರು. ಕಟ್ಟಡದಲ್ಲಿ ಏನೇ ಆದರೂ ಆಗುವ ಮೊದಲೇ ಅವರಿಗೆ ಅರ್ಥವಾಗಿಬಿಡುತ್ತಿತ್ತು. ಹೆಂಡತಿ ಕೆಲಸಕ್ಕೆ ಹೋದ ಹೊತ್ತು, ಗಂಡ ರಜೆ, ಬೀರು ಬಿಚ್ಚಿ ಕದ್ದುಮುಚ್ಚಿ ಸಾಗಣೆ. ಅಂದರೆ ಮನೆ ಖಾಲಿ ಮಾಡುತ್ತಿದ್ದಾರೆ! ಅವರ ಷಡ್ಡಕ ಈ ಕಟ್ಟಡದಲ್ಲಿ ಮನೆ ಬೇಕೆಂದು ಎರಡು ವರ್ಷದಿಂದ ಅವರ ಜೀವ ತಿನ್ನುತ್ತಿದ್ದ. ಸೆಕ್ರೆಟರಿ ಅಲ್ಲೇ ಮೆಟ್ಟಿಲ ಮೇಲೆ ನಿಂತು ಫೋನ್ ತೆಗೆದರು.

ಇತ್ತ ವಾದ್ಯದಂಗಡಿಯಲ್ಲಿ ಯಜಮಾನ ಬಾಗಿಲನ್ನು ಒಳಗೇ ಬಿಡಲಿಲ್ಲ.

"ಸರ್, ಇದು ಸಂಗೀತದ ಅಂಗಡಿ. ಬಡಗಿ ಕೂರೋದು ಬೀದಿ ಮೂಲೇಲಿ."

"ಬಾಗಿಲು ಮಾರೋಕ್ಕೆ ಬಂದಿಲ್ಲ ಸ್ವಾಮಿ. ಬಾಸ್ ಕೊಳ್ಳೋಕ್ಕೆ ಬಂದಿದ್ದೀನಿ."

"ಬಾಸಿಗೆ ಬಾಗಿಲು ಯಾಕೆ?"

"ನೀವು ಕನ್ನಡಕ ಕೊಳ್ಳೋವಾಗ ನಿಮ್ಮ ಮೂಗು ತಗೊಂಡು ಬರ್ತೀರೋ ಇಲ್ವೋ?"

ಯಜಮಾನ ಈ ಪ್ರಶ್ನೆಯನ್ನು ಎಲ್ಲ ಕಡೆಯಿಂದಲೂ ಯೋಚಿಸಿದ. ಎಲ್ಲಿಯೂ ಸಂದು ಸಿಗಲಿಲ್ಲ. ದಾರಿ ಬಿಟ್ಟ.

ಕನ್ನಡಕದಣ್ಣ ಎರಡು ಸ್ಟೂಲಿಗೆ ಬಾಗಿಲು ಒರಗಿಸಿ ಮೊದಲ ಬಾಸಿನ ತಲೆ ಒತ್ತಿ ಮೀಟಿದ. ಬಾಗಿಲು ಗುಂಯ್ ಎಂದಿತು. ಅಂಗಡಿಯಲ್ಲಿದ್ದ ನಾಲ್ಕು ಗಿರಾಕಿಗಳು ತಾವು ನೋಡುತ್ತಿದ್ದದ್ದನ್ನು ಬಿಟ್ಟು ಹತ್ತಿರ ಬಂದರು. ಉದ್ದ ಕೂದಲಿನ ಒಬ್ಬ ಬಾಗಿಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಯಜಮಾನನ ಕಿವಿಯಲ್ಲಿ, "ಈ ಮಾಡೆಲ್ಲು ಕಪ್ಪು ಬಣ್ಣದಲ್ಲಿ ಬರುತ್ತಾ?" ಎಂದು ವಿಚಾರಿಸಿದ.

ಅಷ್ಟರಲ್ಲಿ ಫೋನ್. ಹೆಂಡತಿ.

"ರೀ, ನಾನು ಊಟಕ್ಕೆ ಮನೆಗೆ ಬಂದೆ."

"ಹೂಂ, ಊಟ ಮಾಡು."

"ಬೀರುವಿನ ಬಾಗಿಲಿಲ್ಲ."

"ಅದು ನನ್ನ ಹತ್ರ ಇದೆ. ಗಾಬರಿ ಆಗ್ಬೇಡ."

"ಬಾಗಿಲಿಗೆ ನಾನು ಗಾಬರಿ ಆಗಿಲ್ಲ. ನೀವು ಮನೆಗೆ ಬೀಗಾನೇ ಹಾಕಿಲ್ಲ. ಮಲಗೋ ಕೋಣೇಲಿ ಯಾರೋ ಗಂಡ ಹೆಂಡತಿ ಟೇಪು ಹಿಡ್ಕೊಂಡು ಕಿಟಕಿ ಅಳೀತಿದ್ದಾರೆ."

"ಯಾರು?"

"ಅದನ್ನೇ ನಾನು ಅವರನ್ನ ಕೇಳ್ದೆ. ನೀವು ಯಾರು ಅಂತ ಅವರೇ ನನ್ನ ಕೇಳಿದ್ರು. ಈ ಗೋಡೆಗೆ ಹಸಿರು ಒಪ್ಪುತ್ತಾ ಅಂತಾನೂ ಕೇಳಿದ್ರು."

"ನೀನೇನಂದೆ?"

"ಒಪ್ಪಲ್ಲ ಅಂದೆ. ಇನ್ನೇನನ್ನಲಿ? ಬೀರು ಬಾಯಿ ತೆರ್ಕೊಂಡು ನಿಂತಿದೆ, ನನ್ನ ಬಟ್ಟೆಯೆಲ್ಲ ಅವರ ಮುಂದೆ ಹರಾಜಿಗಿಟ್ಟ ಹಾಗಿದೆ. ಅಮ್ಮ ಬೇರೆ ಬಂದಿದ್ದಾಳೆ. ತರಕಾರಿ ಅಂಗಡಿ ಹತ್ರ ಸೆಕ್ರೆಟರಿ ಅವಳ ಕಿವೀಲಿ ಕೂಗಿ ಹೇಳಿದ್ರಂತೆ, ನಿಮ್ಮ ಅಳಿಯ ಸಾಮಾನು ಹೊತ್ಕೊಂಡು ಹೋಗ್ತಿದ್ದಾನೆ, ಮಗಳಿಗೆ ತಿಳಿಸಿಲ್ಲ ಅಂತ."

ಅತ್ತೆಗೆ ಕಿವಿ ಮಂದವಾಗಿ ಹನ್ನೆರಡು ವರ್ಷವಾಗಿತ್ತು. ಕಿವಿಗಿಡುವ ಯಂತ್ರ ತಂದುಕೊಟ್ಟರೆ, "ನನ್ನ ಕಿವಿ ನೆಟ್ಟಗಿದೆ, ನೀವೆಲ್ಲ ಗೊಣಗೋದು ಕಲ್ತಿದ್ದೀರ," ಎಂದು ಡಬ್ಬಿಯಲ್ಲಿಟ್ಟು ಬೀಗ ಹಾಕಿದ್ದರು. ಅವರೊಂದಿಗೆ ಮಾತು ಬೆಳೆಸುವುದು ಸುಲಭ, ಮುಗಿಸುವುದು ಕಷ್ಟ.

"ಅಲ್ಲೇ ಇರಿ. ಎಲ್ರೂ ಬರ್ತಿದ್ದೀವಿ," ಎಂದು ಹೆಂಡತಿ ಫೋನಿಟ್ಟಳು.

ಎಲ್ಲರೂ ಎಂದರೆ ಎಲ್ಲರೂ. ಮೊದಲು ಹೆಂಡತಿ. ಹಿಂದೆ ಮೆಟ್ಟಿಲಿಗೊಂದು ಉಸಿರು ಬಿಡುತ್ತ ಅತ್ತೆ. ಅವರ ಹಿಂದೆ, ಮನೆ ಬಿಡುವ ಪತ್ರಕ್ಕೆ ಸಹಿ ಬೇಕೆಂದು ಸೆಕ್ರೆಟರಿ. ಸೆಕ್ರೆಟರಿಯ ಮೇಲೆ ನಂಬಿಕೆಯಿಲ್ಲದೆ ಅವರ ಷಡ್ಡಕ, ಷಡ್ಡಕನ ಮೇಲೆ ನಂಬಿಕೆಯಿಲ್ಲದೆ ಅವನ ಹೆಂಡತಿ. ಅವಳ ಕೈಯಲ್ಲಿ ಟೇಪು ಇನ್ನೂ ಬಿಚ್ಚಿಕೊಂಡೇ ಇತ್ತು.

"ಏನ್ರೀ, ಮನೆ ಖಾಲಿ ಮಾಡೋರು ಕಮಿಟಿಗೆ ತಿಂಗಳು ಮುಂಚೆ ತಿಳಿಸ್ಬೇಕೋ ಬೇಡ್ವೋ?" ಎಂದು ಸೆಕ್ರೆಟರಿ ಶುರುಮಾಡಿದರು.

"ನಾವು ಎಲ್ಲಿಗೂ ಹೋಗ್ತಿಲ್ಲ ಸಾರ್."

"ಮತ್ತೆ ಬಾಗಿಲು?"

"ಬಾಗಿಲು ಮಾತ್ರ ಬಂದಿದೆ. ಸಂಜೆ ವಾಪಸ್ ಹೋಗುತ್ತೆ."

"ಬಾಗಿಲು ಗಾಳಿ ಸೇವನೆಗೆ ಬಂತೇನ್ರೀ?"

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಕನ್ನಡಕದಣ್ಣ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ಬಾಸಿನ ಕತ್ತು, ಡಾಕ್ಟರರ ಗಡುವು, ಎಡಗೈ, ಏಳು ವರ್ಷದ ಬೀರು. ಕೇಳುತ್ತ ಕೇಳುತ್ತ ಸೆಕ್ರೆಟರಿಯ ಮುಖ ಬಿಳುಚಿತು.

"ತಾಳಿ, ತಾಳಿ. ಸಂಜೆ ಆರೂವರೆಗೆ ಗೋಡೇಲಿ ಗುಂಯ್ ಅಂತಿತ್ತಲ್ಲ... ಅದು ನೀವಾ?"

"ಹೂಂ ಸಾರ್."

"ನೀರಿನ ಪಂಪಲ್ವಾ?"

"ಅಲ್ಲ ಸಾರ್."

"ಆ ಪಂಪಿನ ಮೋಟಾರು ಮೂರು ಸಲ ಬದಲಾಯಿಸಿದೆನಲ್ರೀ!" ಸೆಕ್ರೆಟರಿ ಹಣೆ ಚಚ್ಚಿಕೊಂಡರು. "ಪ್ರತಿ ಸಲ ಮೆಕ್ಯಾನಿಕ್ಕು ಹೇಳ್ತಿದ್ದ, ಸಾರ್ ಇದು ಚೆನ್ನಾಗಿದೆ, ಇದನ್ನ ಬಿಟ್ಬಿಡಿ ಅಂತ. ನಾನೇ ಅವನಿಗೆ ಕಿವಿ ಇಲ್ಲ ಅಂತ ಬೈದು ಓಡಿಸ್ದೆ!"

"ಅಂದ್ರೆ ಮನೆ ಸಿಗಲ್ವಾ?" ಎಂದಳು ಟೇಪಿನವಳು. "ಪರದೆ ಬಟ್ಟೆ ಕತ್ತರಿಸೋಕ್ಕೆ ಹೇಳಿ ಆಯ್ತಲ್ಲ, ಈಗೇನು ಮಾಡ್ಲಿ?"

"ಹಸಿರಾ?" ಎಂದಳು ಕನ್ನಡಕದಣ್ಣನ ಹೆಂಡತಿ.

"ಹಸಿರೇ."

"ನಾನು ಹೇಳಿದ್ದೆ."

ಈ ಗಲಾಟೆಯಲ್ಲಿ ಅತ್ತೆಗೆ ಒಂದು ಪದವೂ ಮುಟ್ಟಿರಲಿಲ್ಲ. ಅವರಿಗೆ ಕಂಡದ್ದು ಇಷ್ಟೇ: ಮಗಳ ಬೀರುವಿನ ಬಾಗಿಲು ಅಂಗಡಿಯಲ್ಲಿ ಮಾರಾಟಕ್ಕೆ ನಿಂತಿದೆ, ಜನ ಸುತ್ತ ನಿಂತು ಬೆಲೆ ಕಟ್ಟುತ್ತಿದ್ದಾರೆ. ಅವರು ನೇರ ಹೋಗಿ, ನಮ್ಮ ವಸ್ತು ಎಂಬಂತೆ, ಬಾಗಿಲಿನ ಮೇಲೆ ಅಂಗೈ ಊರಿ ನಿಂತರು.

"ಅಳಿಯಂದಿರೇ!" ಎಂದು ಇಡೀ ಬೀದಿಗೆ ಕೇಳುವಂತೆ ಶುರುಮಾಡಿದರು. "ಮಗಳಿಗೆ ಈ ಬೀರು ಕೊಡ್ಸಿದ್ದು ನಾನು! ಇದನ್ನ ನೀವು..."

ಮಾತು ಅಲ್ಲೇ ನಿಂತಿತು. ಗಾಬರಿಯಲ್ಲಿ ಕನ್ನಡಕದಣ್ಣನ ಬೆರಳು ತಂತಿಗೆ ತಾಗಿತ್ತು. ಅತ್ತೆ ಬಿಸಿ ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಂಡರು. ಅಂಗೈ ನೋಡಿಕೊಂಡರು. ಮತ್ತೆ ಮೆಲ್ಲಗೆ ಬಾಗಿಲ ಮೇಲಿಟ್ಟರು.

"ಇನ್ನೊಂದ್ಸಲ ಮಾಡಿ," ಎಂದರು.

ಮಾಡಿದ. ಅತ್ತೆ ಎರಡನೇ ಕೈಯನ್ನೂ ಇಟ್ಟರು. ಆಮೇಲೆ ಕೆನ್ನೆಯನ್ನೂ ಒತ್ತಿದರು. ಸೆಕ್ರೆಟರಿ ಬಾಯಿ ತೆರೆದರು. ಹೆಂಡತಿ ಒಂದು ನೋಟದಲ್ಲಿ ಅದನ್ನು ಮುಚ್ಚಿಸಿದಳು.

"ಅಳಿಯಂದಿರು ಸಂಗೀತದೋರು ಅಂತಿದ್ರಿ," ಎಂದರು ಅತ್ತೆ, ಮೊದಲ ಬಾರಿಗೆ ಸಣ್ಣ ದನಿಯಲ್ಲಿ. "ಇದೇನಾ ಅದು?"

ಮದುವೆಯಾದ ಇಷ್ಟು ವರ್ಷದಲ್ಲಿ ಅವನ ಬಾಸನ್ನು ಬಾಸೆಂದು ಕೇಳಿದವರು ಅವರೇ ಮೊದಲು. ಅದೂ ಕಿವಿ ಕೇಳದವರು. ಕನ್ನಡಕದಣ್ಣ ಕಸುಬುದಾರ. ಎದುರಿಗೆ ಪರೀಕ್ಷೆಗೆ ಒಬ್ಬರು ಸಿಕ್ಕ ಮೇಲೆ ಕಣ್ಣೀರಿಗೆ ಹೊತ್ತಿಲ್ಲ. ಸ್ಟೂಲೊಂದನ್ನು ಎಳೆದು ಅತ್ತೆಯನ್ನು ಕೂರಿಸಿದ. ಒಂದು ಬಾಸ್ ಒತ್ತಿ ಮೀಟಿದ. ಅದನ್ನಿಳಿಸಿ ಇನ್ನೊಂದು ಒತ್ತಿ ಮೀಟಿದ. ಬೆರಳೆತ್ತಿ ತೋರಿಸಿ ಕೇಳಿದ:

"ಇದು ಚೆನ್ನಾಗಿದೆಯೋ, ಇದು ಚೆನ್ನಾಗಿದೆಯೋ?"

ಅತ್ತೆ ಒಮ್ಮೆಯೂ ಎರಡೂ ಒಂದೇ ಥರ ಎನ್ನಲಿಲ್ಲ. "ಅದು ಕೆಮ್ಮುತ್ತೆ." ಮುಂದಿನದು. "ಇದು ಹೇಳ್ದೇನೆ ಓಡಿಹೋಗುತ್ತೆ, ನಿಲ್ಲಲ್ಲ." ಮುಂದಿನದು ಅಂಗಡಿಯಲ್ಲೇ ದುಬಾರಿಯದು, ಯಜಮಾನ ತಾನೇ ಒರೆಸಿ ತಂದುಕೊಟ್ಟ. "ಇದಕ್ಕೆ ಜಂಬ ಜಾಸ್ತಿ," ಎಂದರು ಅತ್ತೆ. ಯಜಮಾನ ಅದನ್ನು ಮುಖ ಸಣ್ಣ ಮಾಡಿಕೊಂಡು ಗೋಡೆಗೆ ತೂಗುಹಾಕಿದ. ಒಂಬತ್ತು ಬಾಸು ಮುಗಿದವು. ಟೇಪಿನವಳು ಕೂಡ ಟೇಪು ಸುತ್ತಿಟ್ಟು ಬಾಗಿಲಿನ ಮೂಲೆಯೊಂದಕ್ಕೆ ಬೆರಳಿಟ್ಟು ನಿಂತಿದ್ದಳು.

"ಇನ್ನೊಂದಿದೆ. ಆದ್ರೆ ಅದು ಸೆಕೆಂಡ್ ಹ್ಯಾಂಡು," ಎಂದು ಯಜಮಾನ ಬಚ್ಚಲ ಪಕ್ಕದಿಂದ ಒಂದು ಕಂದು ಬಾಸ್ ತಂದ. ಬಣ್ಣ ಅಲ್ಲಲ್ಲಿ ಎದ್ದಿತ್ತು. ಹೊಟ್ಟೆಯ ಮೇಲೆ ಹಿಂದಿನ ಮಾಲೀಕ ಅಂಟಿಸಿದ್ದ ಬಾಳೆಹಣ್ಣಿನ ಚೀಟಿ.

ಕನ್ನಡಕದಣ್ಣ ಅದರ ತಲೆಯನ್ನು ಬಾಗಿಲಿಗೆ ಒತ್ತಿ ದಪ್ಪ ತಂತಿಯನ್ನು ಮೀಟಿದ. ಅತ್ತೆ ಕೆನ್ನೆಯನ್ನು ಇನ್ನಷ್ಟು ಒತ್ತಿದರು. ಅವನು ಇನ್ನೊಂದು ಸ್ವರ ಮೀಟಿದ, ಮತ್ತೊಂದು. ತಾನು ಪರೀಕ್ಷೆ ಮಾಡುತ್ತಿದ್ದೇನೆಂಬುದನ್ನೇ ಮರೆತು ನುಡಿಸುತ್ತ ಹೋದ. ಅತ್ತೆಯ ತಲೆ ತಾಳಕ್ಕೆ ಸರಿಯಾಗಿ ಆಡುತ್ತಿತ್ತು.

"ಇದು," ಎಂದರು. "ಇದನ್ನ ಕಟ್ಟಿಸಿ. ಮತ್ತೆ ಇದನ್ನ ಎಲ್ಲಿ ನುಡಿಸಿದ್ರೂ ನಾನೂ ಬರ್ತೀನಿ. ಆರಿಸ್ದೋಳು ನಾನು."

ಶನಿವಾರ ಸಂಜೆ ಕ್ಲಿನಿಕ್ಕಿನ ಹೊರಕೋಣೆಯಲ್ಲಿ ತಂಡ ಸೇರಿತು. ಹಲ್ಲುನೋವಿನವರು ಕಾದು ಕೂರುವ ಉದ್ದನೆಯ ಮರದ ಬೆಂಚು ಗೋಡೆಗಿತ್ತು. ಅದರ ಒಂದು ತುದಿಯ ಮೇಲೆ ಬಾಸಿನ ಸ್ಪೀಕರ್ ಇಟ್ಟರು, ಬೇರೆ ಜಾಗವಿರಲಿಲ್ಲ. ಇನ್ನೊಂದು ತುದಿಯಲ್ಲಿ ಅತ್ತೆ ಕೈಚೀಲ ತೊಡೆಯ ಮೇಲಿಟ್ಟು ಕೂತರು. ಹೆಂಡತಿ ಬಾಗಿಲ ಬಳಿ ನಿಂತಳು.

ಹಾಡು ಶುರುವಾಯಿತು. ಡಾಕ್ಟರರು ಕಣ್ಣು ಮುಚ್ಚಿ ಹಾಡಿದರು, ಬೇಕರಿಯವನು ಹಿಟ್ಟು ನಾದುವ ಹುಮ್ಮಸ್ಸಿನಲ್ಲಿ ಬಾರಿಸಿದ. ಒಂದು ಚರಣ ಮುಗಿದಾಗ ಡಾಕ್ಟರರು ಕೈಯೆತ್ತಿ ನಿಲ್ಲಿಸಿದರು.

"ಹೊಸ ಬಾಸು ತಂದ್ಯಾ?"

"ತಂದೆ. ನುಡಿಸಿದೆನಲ್ಲ ಡಾಕ್ಟ್ರೇ."

"ನಂಗೇನೋ ಅದೇ ಅನ್ನಿಸ್ತಪ್ಪ." ಡಾಕ್ಟರರು ಒಳ್ಳೆಯವರು, ಹಲ್ಲು ಕೀಳುವ ಮುಂಚಿನ ಮೆದು ದನಿಯಲ್ಲಿ ಹೇಳಿದರು. "ಒಂದು ಕೆಲಸ ಮಾಡೋಣ. ಹಾಡು ನಡೀತಿರ್ಲಿ. ಮಧ್ಯೆ ನಾನು ಸನ್ನೆ ಮಾಡಿದಾಗ ನೀನು ನಿಲ್ಸು, ಎಡಗೈ ಶುರುಮಾಡ್ಲಿ. ವ್ಯತ್ಯಾಸ ಗೊತ್ತಾದ್ರೆ ನೀನು ಗೆದ್ದೆ. ಗೊತ್ತಾಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬಾರ್ದು."

ಕನ್ನಡಕದಣ್ಣ ತಲೆಯಾಡಿಸಿದ. ಹೆಂಡತಿಯ ಕಡೆ ನೋಡಲಿಲ್ಲ.

ಹಾಡು ಮತ್ತೆ ಏರಿತು. ಡಾಕ್ಟರರು ಉಸಿರು ಕಟ್ಟಿ ಮೇಲಿನ ಸ್ವರ ಹಿಡಿದರು, ಅದೇ ಹೊತ್ತಿಗೆ ಬೆರಳಾಡಿಸಿದರು. ಕನ್ನಡಕದಣ್ಣ ತಂತಿಗಳ ಮೇಲೆ ಕೈ ಒತ್ತಿ ನಿಲ್ಲಿಸಿದ. ಎಡಗೈ ಶುರುವಾಯಿತು. ಡ್ರಮ್ಸು ನಡೆದೇ ಇತ್ತು, ಡಾಕ್ಟರರ ಸ್ವರ ಚಾವಣಿ ಮುಟ್ಟಿತ್ತು. ನಿಜಕ್ಕೂ ಯಾವ ವ್ಯತ್ಯಾಸವೂ ಗೊತ್ತಾಗಲಿಲ್ಲ.

ಆಗ ಬೆಂಚಿನಿಂದ ಜೋರಾಗಿ ಚಪ್ಪಾಳೆ.

"ಬಹಳ ಚೆನ್ನಾಗಿತ್ತು!" ಎಂದರು ಅತ್ತೆ, ಎದ್ದು ನಿಂತು ಕೈಚೀಲ ಹೆಗಲಿಗೆ ಹಾಕಿಕೊಳ್ಳುತ್ತ. "ಇನ್ನೂ ದೊಡ್ಡ ಹಾಡು ಅಂದ್ಕೊಂಡಿದ್ದೆ."

ಡಾಕ್ಟರರ ಸ್ವರ ಚಾವಣಿಯಲ್ಲೇ ಜಾರಿತು. "ಅಮ್ಮಾ, ಹಾಡು ಮುಗಿದಿಲ್ಲ!"

ಅತ್ತೆ ಅವರ ಬಾಯಿಯ ಕಡೆ ಕನಿಕರದಿಂದ ನೋಡಿದರು. ಪಾಪ, ಮುಗಿದ ಮೇಲೂ ಆಡಿಸುತ್ತಿದ್ದಾರೆ. ಕನ್ನಡಕದಣ್ಣ ಗಡಿಬಿಡಿಯಲ್ಲಿ ಮತ್ತೆ ಮೀಟಿದ. ಅತ್ತೆ ಬೆಂಚು ಮುಟ್ಟಿ ನೋಡಿ, "ಓ, ಇನ್ನೊಂದಾ," ಎಂದು ಕೂತರು.

ಡಾಕ್ಟರರು ಸೋಲುವ ಜಾತಿಯವರಲ್ಲ. ಎರಡನೇ ಸಲ ಸನ್ನೆ ಮಾಡಿದರು. ಬಾಸ್ ನಿಂತಿತು, ಎಡಗೈ ಹೊರಟಿತು. ಡಾಕ್ಟರರು ಅತ್ತೆಯ ಎದುರಿಗೇ ಹೋಗಿ, ಮೂರಡಿ ದೂರದಲ್ಲಿ, ಕತ್ತಿನ ನರ ಉಬ್ಬಿಸಿ ಹಾಡಿದರು. ಅತ್ತೆ ಚಪ್ಪಾಳೆ ತಟ್ಟಿ ಎದ್ದರು. "ಇದೂ ಚೆನ್ನಾಗಿತ್ತು. ಸ್ವಲ್ಪ ಚಿಕ್ಕದಾಯ್ತು."

ಬೇಕರಿಯವನು ಡ್ರಮ್ಸಿನ ಹಿಂದೆ ಮುಖ ಹುದುಗಿಸಿದ. ಹೆಂಡತಿ ಗೋಡೆಗೆ ತಿರುಗಿ ನಿಂತಳು. ಅವಳ ಭುಜ ಅಲುಗುತ್ತಿತ್ತು. ಮೂರನೇ ಸಲ ಡಾಕ್ಟರರು ಸನ್ನೆಗೆಂದು ಬೆರಳೆತ್ತಿದವರು, ಕೈಚೀಲದ ಪಟ್ಟಿಗೆ ಆಗಲೇ ಕೈ ಹಾಕಿದ್ದ ಅತ್ತೆಯನ್ನು ನೋಡಿ, ಬೆರಳನ್ನು ಮೆಲ್ಲಗೆ ಇಳಿಸಿದರು.

"ನುಡಿಸಪ್ಪ, ನುಡಿಸು," ಎಂದರು. "ನೀನು ನಿಲ್ಸಿದ್ರೆ ಆಯಮ್ಮ ನನ್ನನ್ನ ಮನೆಗೆ ಕಳಿಸ್ತಾರೆ." ಆಮೇಲೆ ಅಂಚೆ ಕಚೇರಿಯವನ ಕಡೆ ತಿರುಗಿ ಗದರಿದರು: "ನೀನೇನಯ್ಯ ನೋಡ್ತಿದ್ದೀಯ? ಎಡಗೈ ಜೇಬಲ್ಲಿ ಇಟ್ಕೋ!"